ಕೈತೋಟದ ಸಸ್ಯಹೇನು: ಗುರುತಿಸುವ ಕ್ರಮ ಹಾಗೂ ಆಶ್ರಯ ಗಿಡಗಳ ವಿವರ

(ಮನೆಯಂಗಳ, ಹಿತ್ತಲು ಹಾಗೂ ತಾರಸಿ ತೋಟ ಬೆಳೆಸುವ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಪ್ರತಿ ವರ್ಷ ಮಾಗಿಯ ಚಳಿ ಆರಂಭವಾಗುತ್ತಿದ್ದಂತೆ ಕೈತೋಟದ ಗಿಡಗಳಿಗೆ ಹುಳು ಬಿದ್ದಿದೆ, ಯಾವ ಔಷಧಿ ಹೊಡೆಯಬೇಕು ಎಂದು ವಿಚಾರಿಸಲು ಸಾರ್ವಜನಿಕರು ಕಛೇರಿಗೆ ಬರುವುದು ವಾಡಿಕೆ. ಬಹುತೇಕ ಸಂದರ್ಭಗಳಲ್ಲಿ ಅವರು ಹುಳುವಿನ ಹೆಸರನ್ನಾಗಲಿ ಮಾದರಿಯನ್ನಾಗಲಿ ತಂದಿರುವುದಿಲ್ಲ. ಕೆಲವರು ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಈಗಾಗಲೇ ಸಿಂಪಡಿಸಿ, ಗುಣ ಕಾಣದೆ ಬಂದಿರುತ್ತಾರೆ. ಸಿಂಪಡಿಸಿದ ಮೂರನೆಯ ದಿನವೇ ಅದೇ ಗಿಡದ ಅವರೆಕಾಯಿಯನ್ನು ಅಡುಗೆಗೆ ಬಳಸಿದ್ದೇವೆ ಎಂದು ಸಹಜವಾಗಿ ಹೇಳುವವರೂ ಇದ್ದಾರೆ. ಕೈತೋಟದ ಉತ್ಪನ್ನವು ಮಾರುಕಟ್ಟೆಗೆ ಹೋಗುವುದಿಲ್ಲ, ನೇರವಾಗಿ ಮನೆಯ ಮಕ್ಕಳ ತಟ್ಟೆಗೆ ಬರುತ್ತದೆ. ಆದುದರಿಂದ ಔಷಧಿಯ ವಿಚಾರಕ್ಕಿಂತ ಮೊದಲು ಕೀಟವನ್ನು ಗುರುತಿಸುವ ವಿಚಾರ ಬರಬೇಕು.

ತಾಂತ್ರಿಕ ಹಿನ್ನೆಲೆ ಇಲ್ಲದ ನಾಗರಿಕರೂ ತಮ್ಮ ಗಿಡದ ಮೇಲಿರುವುದು ಸಸ್ಯಹೇನೇ ಅಲ್ಲವೇ, ಹೇನಾಗಿದ್ದಲ್ಲಿ ಯಾವ ಬಗೆಯದು, ಅದರಿಂದ ಎಷ್ಟರ ಮಟ್ಟಿಗೆ ಹಾನಿ ಎಂಬುದನ್ನು ಸ್ವತಃ ತಿಳಿದುಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಸಸ್ಯಹೇನು ಎಂದರೇನು?

ಸಸ್ಯಹೇನು ಗಿಡದ ರಸ ಹೀರಿ ಬದುಕುವ ಮೃದು ಶರೀರದ ಚಿಕ್ಕ ಕೀಟ. ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಉದ್ದವಿರುತ್ತದೆ. ಇದನ್ನು ಗಿಡಹೇನು, ಹೇನು, ಆಫಿಡ್ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ಮನುಷ್ಯರ ಅಥವಾ ದನಕರುಗಳ ಹೇನಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮನುಷ್ಯರನ್ನು ಕಚ್ಚುವುದಿಲ್ಲ, ತಲೆಗೆ ಹತ್ತುವುದಿಲ್ಲ.

ಸೂಜಿಯಂತಹ ಬಾಯಿಯನ್ನು ಎಳೆಯ ಕುಡಿ, ಎಲೆಯ ತಳಭಾಗ, ಮೊಗ್ಗು ಮತ್ತು ಎಳೆಗಾಯಿಗಳಿಗೆ ಚುಚ್ಚಿ ರಸವನ್ನು ಹೀರುತ್ತದೆ. ಗಿಡದ ರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕದ ಅಂಶ ಕಡಿಮೆ. ಬೇಕಾದಷ್ಟು ಸಾರಜನಕವನ್ನು ಪಡೆಯಲು ಹೇನು ಅಪಾರವಾಗಿ ರಸ ಹೀರಿ, ಮಿಕ್ಕ ಸಕ್ಕರೆಯನ್ನು ಸಿಹಿಯಾದ ಅಂಟುದ್ರವದ ರೂಪದಲ್ಲಿ ಹೊರಹಾಕುತ್ತದೆ. ಎಲೆಗಳು ಜಿಗುಟಾಗುವುದು, ಇರುವೆಗಳು ಸಾಲುಗಟ್ಟಿ ಗಿಡ ಹತ್ತುವುದು, ಕ್ರಮೇಣ ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಬೆಳೆಯುವುದು ಈ ದ್ರವದಿಂದಲೇ.

ವಂಶಾಭಿವೃದ್ಧಿ: ನಮ್ಮ ಬಯಲುಸೀಮೆಯ ಬೆಚ್ಚಗಿನ ಹವೆಯಲ್ಲಿ ಸಾಮಾನ್ಯವಾಗಿ ಕಾಣುವ ಹೇನುಗಳೆಲ್ಲ ಹೆಣ್ಣುಗಳೇ. ಗಂಡಿನ ಅಗತ್ಯವಿಲ್ಲದೆ, ಮೊಟ್ಟೆ ಇಡದೆ, ಇವು ನೇರವಾಗಿ ಮರಿಗಳನ್ನು ಹಾಕುತ್ತವೆ. ಹುಟ್ಟುವ ಮರಿಯ ಗರ್ಭದಲ್ಲಿಯೇ ಮುಂದಿನ ಪೀಳಿಗೆಯು ರೂಪುಗೊಳ್ಳುತ್ತಿರುತ್ತದೆ. ಅನುಕೂಲ ಹವೆಯಲ್ಲಿ ಮರಿಯು ಸುಮಾರು 7ರಿಂದ 10 ದಿನಗಳಲ್ಲಿ ಬೆಳೆದು ತಾನೂ ಮರಿಹಾಕಲು ತೊಡಗುತ್ತದೆ. ಲೆಕ್ಕದ ಸಲುವಾಗಿ ಒಂದು ಹೇನು 40 ಮರಿಗಳನ್ನು ಹಾಕಿ, ಅವೆಲ್ಲವೂ ಉಳಿದವು ಎಂದಿಟ್ಟುಕೊಂಡರೆ, ಎರಡನೆಯ ಪೀಳಿಗೆಯಲ್ಲಿ 1,600 ಹಾಗೂ ಮೂರನೆಯ ಪೀಳಿಗೆಯಲ್ಲಿ 64,000 ಆಗುತ್ತವೆ. ಚಕ್ರಬಡ್ಡಿಯ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ವಾಸ್ತವದಲ್ಲಿ ಹೀಗಾಗದಿರಲು ಕಾರಣ ಅವುಗಳನ್ನು ತಿನ್ನುವ ಮಿತ್ರ ಕೀಟಗಳು, ರಭಸದ ಮಳೆ ಹಾಗೂ ಬಿಸಿಲು. ಈ ಅಂಶವನ್ನು ಮುಂದೆ ವಿವರಿಸಲಾಗಿದೆ.

ಒಂದೇ ಕುಡಿಯಲ್ಲಿ ದಟ್ಟಣೆ ಹೆಚ್ಚಾದಾಗ ಅಥವಾ ಗಿಡ ಬಲಿತಾಗ ರೆಕ್ಕೆಯುಳ್ಳ ಹೇನುಗಳು ಹುಟ್ಟಿ, ಗಾಳಿಯಲ್ಲಿ ತೇಲಿ ಬೇರೆ ಗಿಡಗಳನ್ನು ಸೇರುತ್ತವೆ. ಎರಡನೆಯ ಅಥವಾ ಮೂರನೆಯ ಅಂತಸ್ತಿನ ತಾರಸಿ ತೋಟಕ್ಕೂ ಹೇನು ತಲುಪುವುದು ಹೀಗೆಯೇ.

3. ಗುರುತಿಸುವ ಲಕ್ಷಣಗಳು

ಸಸ್ಯಹೇನನ್ನು ಗುರುತಿಸುವಾಗ ಬಣ್ಣವನ್ನು ನಂಬತಕ್ಕದ್ದಲ್ಲ. ಒಂದೇ ಜಾತಿಯ ಹೇನು ಹಳದಿ, ಹಸಿರು ಹಾಗೂ ಕಪ್ಪು ಬಣ್ಣಗಳಲ್ಲಿ ಒಂದೇ ಎಲೆಯ ಮೇಲೆ ಇರುವುದುಂಟು. ಕೆಳಕಂಡ ಲಕ್ಷಣಗಳನ್ನು ಒಟ್ಟಾಗಿ ಪರಿಶೀಲಿಸುವುದು.

ಅ) ಆಕಾರ: ಮುಂದೆ ಕಿರಿದು, ಹಿಂದೆ ಉಬ್ಬಿದ ದುಂಡನೆಯ ಶರೀರ. ನೀಳವಾದ ಕಾಲುಗಳು ಮತ್ತು ಮೀಸೆಗಳು.

ಆ) ಜೋಡಿ ಕೊಳವೆ: ಬೆನ್ನಿನ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವ ಎರಡು ಸಣ್ಣ ಕೊಳವೆಗಳು. ಇದು ಹೇನಿನ ಖಚಿತ ಗುರುತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗುಲಾಬಿಯ ಹೇನಿನಲ್ಲಿ ಈ ಕೊಳವೆಗಳು ಉದ್ದವಾಗಿಯೂ ಕೋಸಿನ ಬೂದು ಹೇನಿನಲ್ಲಿ ಗಿಡ್ಡವಾಗಿಯೂ ಇರುತ್ತವೆ. ಉಣ್ಣೆಯಂತಹ ಮೇಣ ಹೊದ್ದ ಕೆಲವು ಜಾತಿಗಳಲ್ಲಿ ಮಾತ್ರ ಇವು ಕಾಣುವುದು ಕಷ್ಟ.

ಇ) ಗುಂಪು: ತಾಯಿ, ಮರಿ, ಮೊಮ್ಮರಿ ಎಲ್ಲ ಗಾತ್ರದವೂ ಒತ್ತೊತ್ತಾಗಿ ಕುಳಿತಿರುತ್ತವೆ. ಕುಡಿಯನ್ನು ಅಲುಗಾಡಿಸಿದರೂ ಹಾರುವುದಿಲ್ಲ, ಜಿಗಿಯುವುದಿಲ್ಲ. ನಿಧಾನವಾಗಿ ನಡೆಯುತ್ತವೆ.

ಈ) ಬಿಳಿ ಪೊರೆ: ಮರಿಗಳು ಬೆಳೆಯುವಾಗ ನಾಲ್ಕು ಬಾರಿ ಪೊರೆ ಕಳಚುತ್ತವೆ. ಈ ಬಿಳಿ ಪೊರೆಗಳು ಅಂಟಿನ ಮೇಲೆ ಅಂಟಿಕೊಂಡು ಬೂದಿ ಉದುರಿದಂತೆ ಕಾಣುತ್ತವೆ. ಅನೇಕರು ಇವನ್ನೇ ಬೇರೊಂದು ಬಿಳಿ ಹುಳುವೆಂದು ಭಾವಿಸುತ್ತಾರೆ.

ಉ) ಗಿಡದ ಲಕ್ಷಣ: ಎಳೆ ಎಲೆಗಳು ಮುದುಡುವುದು, ಕುಡಿ ಕುಗ್ಗುವುದು, ಮೊಗ್ಗು ಅರಳದಿರುವುದು, ಎಳೆಗಾಯಿ ಸೊರಗುವುದು.

ಸುಲಭ ಪರೀಕ್ಷೆ: ಬಿಳಿ ಕಾಗದವನ್ನು ಕುಡಿಯ ಕೆಳಗೆ ಹಿಡಿದು ಕುಡಿಯನ್ನು ಬೆರಳಿನಿಂದ ಎರಡು ಮೂರು ಬಾರಿ ತಟ್ಟುವುದು. ಕಾಗದದ ಮೇಲೆ ಬಿದ್ದವು ಮೆಲ್ಲನೆ ಕಾಲಾಡಿಸುತ್ತಿದ್ದು ದುಂಡಗಿದ್ದರೆ ಹೇನು ಇರುವ ಸಂಭವ ಹೆಚ್ಚು. ಬಳಿಕ ಭೂತಗನ್ನಡಿಯಲ್ಲಿ ಜೋಡಿ ಕೊಳವೆಯನ್ನು ನೋಡಿ ಖಚಿತಪಡಿಸಿಕೊಳ್ಳಬಹುದು.

4. ಹೇನೆಂದು ತಪ್ಪಾಗಿ ತಿಳಿಯಲಾಗುವ ಇತರ ಕೀಟಗಳು

ಹಿಟ್ಟು ತಿಗಣೆ: ಮೈಮೇಲೆ ಬಿಳಿ ಹಿಟ್ಟು ಅಥವಾ ಹತ್ತಿಯಂತಹ ಮೇಣ. ಚಪ್ಪಟೆಯಾದ ಮೊಟ್ಟೆಯಾಕಾರ. ದಾಸವಾಳ, ಪರಂಗಿ, ಸೀಬೆ ಗಿಡಗಳಲ್ಲಿ ಹೆಚ್ಚು.

ಬಿಳಿ ನೊಣ: ಗಿಡವನ್ನು ಅಲುಗಾಡಿಸಿದ ಕೂಡಲೇ ಬಿಳಿಯ ಪುಟ್ಟ ನೊಣಗಳು ಗುಂಪಾಗಿ ಹಾರಿ ಮತ್ತೆ ಎಲೆಯಡಿ ಕುಳಿತುಕೊಳ್ಳುತ್ತವೆ. ಟೊಮ್ಯಾಟೊ, ಬದನೆ, ಬೆಂಡೆ ಗಿಡಗಳಲ್ಲಿ ಸಾಮಾನ್ಯ.

ಜಿಗಿಹುಳು: ತಿಳಿಹಸಿರು ಬಣ್ಣ, ಬೆಣೆಯಾಕಾರ. ಮುಟ್ಟಲು ಹೋದರೆ ಅಡ್ಡಡ್ಡವಾಗಿ ಓಡುತ್ತದೆ ಅಥವಾ ಜಿಗಿಯುತ್ತದೆ. ಬೆಂಡೆ, ಬದನೆ ಎಲೆಗಳ ಅಂಚು ಹಳದಿಯಾಗಿ ಮೇಲಕ್ಕೆ ಮುದುಡುತ್ತದೆ.

ಥ್ರಿಪ್ಸ್ ಮತ್ತು ಮೈಟ್ ನುಸಿ: ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮೆಣಸಿನಕಾಯಿ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದರೆ ಮೈಟ್ ಎಂದು ತಿಳಿಯಬಹುದು.

ಕರಿಬೇವಿನ ಸಿಲ್ಲಿಡ್: ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕುಳಿತುಕೊಳ್ಳುವ ಕಂದು ಕೀಟ. ಮರಿಗಳು ಬಿಳಿಯ ಮೇಣದ ಎಳೆಗಳನ್ನು ಹೊರಬಿಡುತ್ತವೆ. ಕರಿಬೇವು ಮತ್ತು ನಿಂಬೆಯ ಎಳೆಚಿಗುರಿನಲ್ಲಿ ಇದು ಮತ್ತು ಹೇನು ಎರಡೂ ಬರುವುದರಿಂದ ಎಚ್ಚರಿಕೆಯಿಂದ ನೋಡುವುದು.

ಶಲ್ಕ ಕೀಟ: ಕಾಂಡಕ್ಕೆ ಅಂಟಿದ ಚಿಪ್ಪು ಅಥವಾ ಹುರುಪೆಯಂತೆ ಕಾಣುತ್ತದೆ. ಬೆಳೆದ ಮೇಲೆ ಅಲುಗಾಡುವುದಿಲ್ಲ.

5. ಗಿಡವಾರು ವಿವರ

5.1 ತರಕಾರಿ ಮತ್ತು ಸೊಪ್ಪು

ಅವರೆ, ಅಲಸಂದೆ, ನುಗ್ಗೆ: ಹೊಳೆಯುವ ಕಪ್ಪು ಬಣ್ಣದ ಹೇನು, ಮರಿಗಳು ಮಾಸಲು ಬಣ್ಣ. ಇದು ಏಫಿಸ್ ಕ್ರಾಕ್ಸಿವೋರಾ ಎಂಬ ಜಾತಿ. ಕುಡಿ, ಹೂಗೊಂಚಲಿನ ಕಡ್ಡಿ ಹಾಗೂ ಎಳೆಗಾಯಿಗಳ ಮೇಲೆ ಕಡ್ಡಿಯೇ ಕಾಣದಂತೆ ಮುತ್ತುತ್ತದೆ. ಸೊಗಡವರೆಯ ಕಾಲದಲ್ಲಿ ಎಲ್ಲರೂ ನೋಡಿರುವ ಹೇನು ಇದೇ. ಬೇಲಿಯ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಚಿಗುರಿನಲ್ಲಿಯೂ ಹೇರಳವಾಗಿರುತ್ತದೆ. ಆದ್ದರಿಂದ ಅವರೆ ಚಪ್ಪರದ ಪಕ್ಕದ ಬೇಲಿಯನ್ನೂ ಪರಿಶೀಲಿಸುವುದು.

ಬೆಂಡೆ, ಬದನೆ, ಮೆಣಸಿನಕಾಯಿ, ಸೌತೆ, ಕುಂಬಳ: ಹತ್ತಿ ಹೇನು ಎಂದು ಕರೆಯಲಾಗುವ ಏಫಿಸ್ ಗಾಸಿಪಿಐ. ಹಳದಿಯಿಂದ ಕಡುಹಸಿರಿನವರೆಗೆ ಬಣ್ಣ ಬದಲಾಗುತ್ತದೆ. ಕೊಳವೆಗಳು ಮಾತ್ರ ಕಪ್ಪು. ಎಲೆಯ ತಳಭಾಗದಲ್ಲಿ ಇರುವುದರಿಂದ ಎಲೆ ಮಗುಚಿ ನೋಡದೆ ತಿಳಿಯುವುದಿಲ್ಲ.

ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ: ಮೂರು ಬಗೆಯ ಹೇನುಗಳು ಬರುತ್ತವೆ. ಮೈಮೇಲೆ ಬೂದು ಹಿಟ್ಟು ಬಳಿದಂತಿರುವುದು ಕೋಸಿನ ಹೇನು. ಹಳದಿ ಮಿಶ್ರಿತ ಹಸಿರು ಬಣ್ಣದ್ದು ಸಾಸಿವೆ ಹೇನು. ಹಸಿರು ಅಥವಾ ನಸುಗೆಂಪು ಬಣ್ಣದ್ದು ಮೈಜಸ್ ಪರ್ಸಿಕೇ. ಮೂರನೆಯದು ನಾನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು ಹಾಗೂ ನೂರಕ್ಕೂ ಹೆಚ್ಚು ಸಸ್ಯನಂಜುಗಳನ್ನು ಹರಡಬಲ್ಲದು.

ಕೊತ್ತಂಬರಿ, ಸಬ್ಬಸಿಗೆ: ಸೊಪ್ಪಿಗಾಗಿ ಬೇಗನೆ ಕಿತ್ತಾಗ ಬಾಧೆ ಕಡಿಮೆ. ಬೀಜಕ್ಕೆಂದು ಬಿಟ್ಟ ಗಿಡಗಳು ಹೂವಾದಾಗ ಕೊಡೆಯಂತಹ ಹೂಗೊಂಚಲಿಗೆ ಹಿಟ್ಟು ಬಳಿದಂತಹ ಹಸಿರು ಹೇನು ಮುತ್ತಿ ಕಾಳು ಜೊಳ್ಳಾಗುತ್ತದೆ.

5.2 ಹೂವಿನ ಗಿಡಗಳು

ಗುಲಾಬಿ: ಹಸಿರು ಅಥವಾ ಕೆಂಗಂದು ಬಣ್ಣದ, ಉದ್ದನೆಯ ಕಪ್ಪು ಕೊಳವೆಗಳುಳ್ಳ ದೊಡ್ಡ ಹೇನು. ಮೊಗ್ಗು ಹಾಗೂ ಅದರ ತೊಟ್ಟಿನಲ್ಲಿ ಗುಂಪುಗೂಡುತ್ತದೆ. ಚಾಟನಿ ಮಾಡಿದ ನಂತರ ಬರುವ ಎಳೆಚಿಗುರಿನಲ್ಲಿ ಬಾಧೆ ಹೆಚ್ಚು.

ಸೇವಂತಿಗೆ: ಹೊಳೆಯುವ ಕಡುಕಂದು ಅಥವಾ ಕಪ್ಪು ಹೇನು. ಬಹುತೇಕ ಸೇವಂತಿಗೆಯ ಮೇಲಷ್ಟೇ ಜೀವಿಸುತ್ತದೆ. ಹೂವಿನ ತೊಟ್ಟಿನ ಬುಡದಲ್ಲಿ ಅಡಗಿರುವುದರಿಂದ ಮುಡಿಯುವ ಹಾಗೂ ಪೂಜೆಯ ಹೂವನ್ನು ಕೊಡವಿ ಬಳಸುವುದು ಒಳ್ಳೆಯದು.

ದಾಸವಾಳ: ಬೆಂಡೆಗೆ ಬರುವ ಹತ್ತಿ ಹೇನೇ ಇಲ್ಲಿಯೂ ಬರುತ್ತದೆ. ಆದುದರಿಂದ ದಾಸವಾಳದ ಪಕ್ಕದಲ್ಲಿ ಬೆಂಡೆ ಬೆಳೆದಾಗ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು.

ಕಣಗಿಲೆ, ಎಕ್ಕ: ಕಣ್ಣಿಗೆ ಹೊಡೆಯುವ ಅರಿಶಿನ ಬಣ್ಣದ ಮೈ, ಕಪ್ಪು ಕಾಲು, ಕಪ್ಪು ಕೊಳವೆ. ಇದು ಏಫಿಸ್ ನೀರಿಐ. ನೋಡಲು ಭಯ ಹುಟ್ಟಿಸುವಂತಿದ್ದರೂ ಇದು ಕಣಗಿಲೆ, ಎಕ್ಕ ಹಾಗೂ ಅವುಗಳ ಬಂಧು ಸಸ್ಯಗಳಿಗೆ ಸೀಮಿತವಾದುದು. ಇದು ನಿಮ್ಮ ತರಕಾರಿಗೆ ಹರಡೀತೆಂದು ಕಣಗಿಲೆಯನ್ನು ಕಡಿಯುವ ಅಗತ್ಯವಿಲ್ಲ. ಈ ಹೇನುಗಳನ್ನು ಅರಸಿ ಬರುವ ಮಿತ್ರ ಕೀಟಗಳು ಪಕ್ಕದ ತರಕಾರಿ ಮಡಿಗೂ ಉಪಕಾರ ಮಾಡಬಲ್ಲವು.

5.3 ಹಣ್ಣಿನ ಗಿಡಗಳು

ನಿಂಬೆ, ಕಿತ್ತಳೆ: ಎಳೆಚಿಗುರಿನಲ್ಲಿ ಕಂದು ಅಥವಾ ಕಪ್ಪು ಹೇನು. ಇದು ನಿಂಬೆ ಜಾತಿಯ ಟ್ರಿಸ್ಟೆಜಾ ನಂಜುರೋಗವನ್ನು ಹರಡುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಕ್ಷೀಣಿಸಲು ಕಾರಣವಾದ ಅಂಶಗಳಲ್ಲಿ ಈ ರೋಗವೂ ಒಂದು.

ದಾಳಿಂಬೆ: ಹಳದಿ ಮಿಶ್ರಿತ ಹಸಿರು ಹೇನು. ಕುಡಿ, ಹೂಮೊಗ್ಗು ಹಾಗೂ ಎಳೆಗಾಯಿಗಳ ಮೇಲೆ ಕಾಣುತ್ತದೆ.

ಸೀಬೆ: ಎಳೆ ಎಲೆಗಳ ತಳಭಾಗದಲ್ಲಿ ಹತ್ತಿ ಹೇನು. ಎಲೆಗಳು ಸುಕ್ಕುಗಟ್ಟುತ್ತವೆ.

ಬಾಳೆ: ಕಡುಕಂದು ಬಣ್ಣದ ಹೇನು. ದಿಂಡಿನ ಬುಡ, ಸುರುಳಿ ಬಿಚ್ಚದ ನಡುವಿನ ಎಲೆ ಹಾಗೂ ಎಳೆಯ ಕಂದುಗಳ ಸಂದಿಯಲ್ಲಿ ಅಡಗಿರುತ್ತದೆ. ಎಲೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ.

6. ಹೇನಿಗಿಂತ ಹೇನು ತರುವ ನಂಜುರೋಗವೇ ಹೆಚ್ಚಿನ ಅಪಾಯ

ರಸ ಹೀರುವುದರಿಂದ ಆಗುವ ಹಾನಿಯು ಬಹುಮಟ್ಟಿಗೆ ಸರಿಹೋಗುವಂತಹುದು. ನಂಜುರೋಗ ತಗುಲಿದ ಗಿಡಕ್ಕೆ ಔಷಧಿ ಇಲ್ಲ. ಕೈತೋಟದಲ್ಲಿ ಮುಖ್ಯವಾಗಿ ಎರಡನ್ನು ತಿಳಿದಿರಬೇಕು.

ಬಾಳೆಯ ಗೊಂಚಲೆಲೆ ರೋಗ: ಬಂಚಿ ಟಾಪ್ ಎಂದೂ ಕರೆಯುತ್ತಾರೆ. ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತುದಿಯಲ್ಲಿ ಗೊಂಚಲುಗಟ್ಟುತ್ತವೆ. ಎಲೆತೊಟ್ಟು ಹಾಗೂ ನಡುದಿಂಡಿನ ಮೇಲೆ ಚುಕ್ಕೆ ಹಾಗೂ ಗೆರೆಗಳಂತಹ ಕಡುಹಸಿರು ಗುರುತುಗಳು ಕಾಣುತ್ತವೆ. ಎಳೆಯದರಲ್ಲೇ ರೋಗ ತಗುಲಿದ ಗಿಡ ಗೊನೆ ಬಿಡುವುದಿಲ್ಲ. ತಮಿಳುನಾಡಿನ ಪಳನಿ ಬೆಟ್ಟಗಳ ಹೆಸರಾಂತ ವಿರೂಪಾಕ್ಷಿ ಬಾಳೆ ತೋಟಗಳು ಈ ರೋಗದಿಂದ ಬಹುಪಾಲು ನಾಶವಾದವು. ರೋಗವು ದೂರದ ಊರಿಗೆ ಹೋಗುವುದು ಕಂದಿನ ಮೂಲಕ, ಅಕ್ಕಪಕ್ಕದ ಗಿಡಕ್ಕೆ ಹರಡುವುದು ಹೇನಿನ ಮೂಲಕ. ಆದುದರಿಂದ ನೆರೆಹೊರೆಯವರಲ್ಲಿ ಕಂದು ಕೇಳುವಾಗ ತಾಯಿಗಿಡವನ್ನು ತಪ್ಪದೇ ನೋಡುವುದು. ರೋಗ ಖಚಿತವಾದಲ್ಲಿ ಮೊದಲು ಹೇನನ್ನು ನಾಶಪಡಿಸಿ, ಅನಂತರ ತಾಯಿಗಿಡ ಹಾಗೂ ಕಂದುಗಳನ್ನು ಗೆಡ್ಡೆಸಹಿತ ಕಿತ್ತು ನಾಶಪಡಿಸತಕ್ಕದ್ದು. ಗಿಡವನ್ನು ಮೊದಲೇ ಕಡಿದರೆ ಹೇನುಗಳು ಪಕ್ಕದ ಬಾಳೆಗೆ ವಲಸೆ ಹೋಗುತ್ತವೆ. ಮಲೆನಾಡಿನ ಏಲಕ್ಕಿ ಬೆಳೆಗಾರರಿಗೆ ಪರಿಚಿತವಾದ ಕಟ್ಟೆ ರೋಗವನ್ನು ಹರಡುವುದೂ ಇದೇ ಕುಲದ ಹೇನು.

ಪರಂಗಿಯ ಉಂಗುರ ಚುಕ್ಕೆ ರೋಗ: ಕಾಯಿಯ ಮೇಲೆ ಉಂಗುರಗಳಂತಹ ಗುರುತುಗಳು, ಎಲೆಗಳು ಹಳದಿ-ಹಸಿರು ಮಿಶ್ರಿತವಾಗಿ ಕಿರಿದಾಗುವುದು ಇದರ ಲಕ್ಷಣ. ವಿಶೇಷವೆಂದರೆ ಪರಂಗಿ ಗಿಡದಲ್ಲಿ ಹೇನಿನ ಗುಂಪು ಕಾಣಿಸುವುದಿಲ್ಲ. ಬೇರೆ ಗಿಡಗಳಿಂದ ಹಾರಿಬಂದ ಹೇನು ಕೆಲವೇ ಕ್ಷಣ ಚುಚ್ಚಿ ನೋಡಿ ಹೊರಟುಹೋಗುತ್ತದೆ. ಅಷ್ಟರಲ್ಲೇ ನಂಜು ದಾಟಿರುತ್ತದೆ. ಹೀಗಾಗಿ ಪರಂಗಿಗೆ ಕೀಟನಾಶಕ ಸಿಂಪಡಿಸಿ ಈ ರೋಗವನ್ನು ತಡೆಯಲು ಸಾಧ್ಯವಾಗುವುದಿಲ್ಲ. ರೋಗದ ಗಿಡವನ್ನು ಬೇಗ ಕಿತ್ತು ಹಾಕುವುದು ಹಾಗೂ ಸೌತೆ, ಕುಂಬಳ ಜಾತಿಯ ಬಳ್ಳಿಗಳನ್ನು ಪರಂಗಿಯಿಂದ ದೂರ ಬೆಳೆಸುವುದು ಸೂಕ್ತ. ರೋಗದ ಗಿಡದ ಹಣ್ಣನ್ನು ತಿನ್ನುವುದರಿಂದ ಮನುಷ್ಯರಿಗೆ ಈ ರೋಗ ತಗುಲುವುದಿಲ್ಲ.

7. ಮಿತ್ರ ಕೀಟಗಳ ಪರಿಚಯ

ಸಿಂಪಡಣೆಗೆ ಮುನ್ನ ಹೇನಿನ ಗುಂಪಿನ ನಡುವೆ ಕೆಳಕಂಡವು ಇವೆಯೇ ಎಂಬುದನ್ನು ಕಡ್ಡಾಯವಾಗಿ ನೋಡುವುದು.

ಗುಲಗಂಜಿ ಹುಳು: ಕೆಂಪು ಅಥವಾ ಕಿತ್ತಳೆ ಬಣ್ಣದ ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇಲ್ಲವೇ ಅಂಕುಡೊಂಕು ಗೆರೆಗಳಿರುವ ಗುಂಡನೆಯ ದುಂಬಿ. ಇದನ್ನು ಎಲ್ಲರೂ ಬಲ್ಲರು. ಇದರ ಮರಿಯನ್ನು ಬಲ್ಲವರು ಕಡಿಮೆ. ಮರಿಹುಳು ಕಪ್ಪಗೆ, ಉದ್ದವಾಗಿ, ಮೈಮೇಲೆ ಹಳದಿ ಅಥವಾ ಕಿತ್ತಳೆ ಮಚ್ಚೆಗಳುಳ್ಳ ಪುಟ್ಟ ಮೊಸಳೆಯಂತೆ ಕಾಣುತ್ತದೆ. ಒಬ್ಬ ಗೃಹಿಣಿಯು ತಮ್ಮ ಅವರೆ ಗಿಡದಿಂದ ಇಂತಹ ಹುಳುಗಳನ್ನು ಒಂದೊಂದಾಗಿ ಆಯ್ದು ಬಾಟಲಿಯಲ್ಲಿ ತುಂಬಿ ತಂದು, ಇವುಗಳೇ ಗಿಡವನ್ನು ಹಾಳುಮಾಡುತ್ತಿವೆ ಎಂದು ದೂರಿದ್ದರು. ತಾಂತ್ರಿಕ ಅಧಿಕಾರಿಗಳು ನೋಡಿ, ಇವು ಹೇನನ್ನು ತಿನ್ನುವ ಹುಳುಗಳೆಂದು ತಿಳಿಸಿದಾಗ ಆಕೆ ಆ ಬಾಟಲಿಯನ್ನು ಹಾಗೆಯೇ ಮನೆಗೆ ಕೊಂಡೊಯ್ದು ಗಿಡಕ್ಕೆ ಬಿಟ್ಟರು. ಅದಕ್ಕೂ ಮೊದಲ ವಾರಗಳಲ್ಲಿ ಹೊಸಕಿ ಹಾಕಿದ ಹುಳುಗಳ ಲೆಕ್ಕ ಅವರಲ್ಲಿ ಇರಲಿಲ್ಲ.

ಸಿರ್ಫಿಡ್ ನೊಣ: ಹಳದಿ-ಕಪ್ಪು ಪಟ್ಟೆಗಳಿದ್ದು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ನೊಣ. ಕಾಲಿಲ್ಲದ, ಜಿಗಣೆಯಂತಹ ಇದರ ಮರಿ ಹೇನುಗಳನ್ನು ತಿನ್ನುತ್ತದೆ.

ಹಸಿರು ಜಾಲರೆಕ್ಕೆ ಕೀಟ: ಎಲೆಯ ಮೇಲೆ ಕೂದಲಿನಂತಹ ಎಳೆಯ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಹೇನುಗಳನ್ನು ಹಿಡಿದು ರಸ ಹೀರುತ್ತವೆ.

ಪರತಂತ್ರ ಕಣಜ: ಹೇನಿನ ಮೈಯೊಳಗೆ ಮೊಟ್ಟೆ ಇಡುವ ಅತಿ ಚಿಕ್ಕ ಕಣಜ. ಇದು ದಾಳಿ ಮಾಡಿದ ಹೇನು ಉಬ್ಬಿ, ಒಣಗಿ, ಕಂದು ಬಣ್ಣದ ಗಟ್ಟಿ ಕಾಳಿನಂತಾಗುತ್ತದೆ. ಇಂತಹ ಕಾಳುಗಳಿರುವ ಎಲೆಗಳನ್ನು ಕಿತ್ತು ಸುಡಬಾರದು.

ಮಿತ್ರ ಕೀಟಗಳ ಶಕ್ತಿ ಎಷ್ಟೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 2002ರಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಿಗೆ ಬಿಳಿ ಉಣ್ಣೆ ಹೇನು ವ್ಯಾಪಕವಾಗಿ ಬಿದ್ದು ಬೆಳೆಗಾರರು ಕಂಗೆಟ್ಟಿದ್ದರು. ಆಳೆತ್ತರ ಬೆಳೆದ ಕಬ್ಬಿನೊಳಗೆ ಹೊಕ್ಕು ಸಿಂಪಡಿಸುವುದು ಕಷ್ಟವಾಗಿತ್ತು. ಡೈಫಾ ಏಫಿಡಿವೋರಾ ಎಂಬ ಪತಂಗದ ಮರಿಹುಳು ಹಾಗೂ ಮೈಕ್ರೋಮಸ್ ಇಗೊರೋಟಸ್ ಎಂಬ ಕೀಟ ಈ ಹೇನನ್ನು ತಿನ್ನುವುದನ್ನು ವಿಜ್ಞಾನಿಗಳು ಗಮನಿಸಿ, ಅವುಗಳನ್ನು ಸಾಕಿ ಗದ್ದೆಗಳಿಗೆ ಬಿಡುವ ಹಾಗೂ ಸಂರಕ್ಷಿಸುವ ಕಾರ್ಯ ಕೈಗೊಂಡರು. ನಂತರದ ವರ್ಷಗಳಲ್ಲಿ ಹೇನಿನ ಹಾವಳಿ ತಗ್ಗಲು ಈ ಕೀಟಗಳು ಮುಖ್ಯ ಕಾರಣವಾದವು. ಗದ್ದೆಯಲ್ಲಿ ಸಾಧ್ಯವಾದುದು ಹಿತ್ತಲಿನಲ್ಲಿಯೂ ಸಾಧ್ಯ.

8. ಹತೋಟಿ ಕ್ರಮಗಳು

ಕೆಳಕಂಡ ಕ್ರಮಗಳನ್ನು ಇದೇ ಅನುಕ್ರಮದಲ್ಲಿ ಅನುಸರಿಸುವುದು.

1) ನವೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೊಮ್ಮೆ ಕುಡಿ ಹಾಗೂ ಎಲೆಯ ತಳಭಾಗವನ್ನು ಪರಿಶೀಲಿಸುವುದು.

2) ಒಂದೆರಡು ಕುಡಿಗಳಲ್ಲಿ ಮಾತ್ರ ಹೇನಿದ್ದರೆ ಬೆರಳಿನಿಂದ ಹೊಸಕುವುದು ಅಥವಾ ಕುಡಿಯನ್ನು ಚಿವುಟಿ ಸಾಬೂನು ನೀರಿಗೆ ಹಾಕುವುದು.

3) ಗಟ್ಟಿ ಕಾಂಡದ ಗಿಡಗಳಿಗೆ ಬೆಳಗಿನ ವೇಳೆ ಕೊಳಾಯಿ ನೀರನ್ನು ರಭಸವಾಗಿ ಹಾಯಿಸುವುದು. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಗಿಡ ಹತ್ತಲಾರವು. ಮೂರು ನಾಲ್ಕು ದಿನಗಳಿಗೊಮ್ಮೆ ಪುನರಾವರ್ತಿಸುವುದು.

4) ಇರುವೆಗಳನ್ನು ತಡೆಯುವುದು. ಸಿಹಿದ್ರವದ ಆಸೆಗೆ ಇರುವೆಗಳು ಹೇನುಗಳಿಗೆ ಕಾವಲಿದ್ದು ಮಿತ್ರ ಕೀಟಗಳನ್ನು ಓಡಿಸುತ್ತವೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ಕಲ್ಲಿನ ಮೇಲಿರಿಸಿದರೆ ಇರುವೆ ಹತ್ತುವುದಿಲ್ಲ. ಸೊಳ್ಳೆ ಬೆಳೆಯದಂತೆ ತಟ್ಟೆಯ ನೀರನ್ನು ಆಗಾಗ್ಗೆ ಬದಲಾಯಿಸುವುದು.

5) ಯೂರಿಯಾದಂತಹ ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಕೊಡದಿರುವುದು. ಮಿತಿಮೀರಿ ಬಂದ ಮೆದು ಚಿಗುರು ಹೇನಿಗೆ ಆಹ್ವಾನವಿದ್ದಂತೆ.

6) ಬೆಳಗಿನ ಇಬ್ಬನಿಯಲ್ಲಿ ಜರಡಿ ಹಿಡಿದ ಸೌದೆ ಬೂದಿ ಎರಚುವುದು ಹಳ್ಳಿಗಳಲ್ಲಿ ರೂಢಿಯಲ್ಲಿರುವ ಕ್ರಮ. ಚಿಕ್ಕ ಕುಂಡಗಳಿಗೆ ಪದೇ ಪದೇ ಹಾಕಿದರೆ ಮಣ್ಣು ಕ್ಷಾರವಾಗುವುದರಿಂದ ಮಿತವಾಗಿ ಬಳಸುವುದು.

7) ಮೇಲ್ಕಂಡ ಕ್ರಮಗಳು ಸಾಲದಾದಾಗ ಬೇವಿನ ಉತ್ಪನ್ನ ಬಳಸುವುದು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ, ಸ್ವಲ್ಪ ಸಾಬೂನು ದ್ರಾವಣ ಸೇರಿಸಿದರೆ ಶೇಕಡ 5ರ ಕಷಾಯ ಸಿದ್ಧವಾಗುತ್ತದೆ. ಅಥವಾ 1 ಲೀಟರ್ ನೀರಿಗೆ 3ರಿಂದ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸಾಬೂನು ದ್ರಾವಣದೊಂದಿಗೆ ಕದಡಿ ಬಳಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಬೇವಿನ ಸಾಬೂನು ಹಾಗೂ ಹೊಂಗೆ ಸಾಬೂನನ್ನೂ ಹೊದಿಕೆಯ ಮೇಲಿನ ಸೂಚನೆಯಂತೆ ಬಳಸಬಹುದು.

ಯಾವುದೇ ದ್ರಾವಣವನ್ನು ಮೊದಲು ನಾಲ್ಕು ಎಲೆಗಳಿಗೆ ಸಿಂಪಡಿಸಿ, ಒಂದು ದಿನ ಕಾದು, ಎಲೆ ಸುಡದಿದ್ದಲ್ಲಿ ಮಾತ್ರ ಇಡೀ ಗಿಡಕ್ಕೆ ಬಳಸುವುದು. ಸಂಜೆಯ ವೇಳೆ ಎಲೆಯ ತಳಭಾಗ ತೋಯುವಂತೆ ಸಿಂಪಡಿಸುವುದು. ಜೇನುನೊಣಗಳು ಹೂವಿಗೆ ಬರುವ ವೇಳೆಯಲ್ಲಿ ಸಿಂಪಡಿಸಬಾರದು.

9. ರಾಸಾಯನಿಕ ಕೀಟನಾಶಕಗಳ ಬಗ್ಗೆ ಎಚ್ಚರಿಕೆ

ಮನೆಬಳಕೆಯ ತರಕಾರಿಗೆ ಹೇನಿನ ಕಾರಣಕ್ಕಾಗಿ ರಾಸಾಯನಿಕ ಕೀಟನಾಶಕದ ಅಗತ್ಯ ಬೀಳುವುದು ಅಪರೂಪ. ಅನಿವಾರ್ಯವೆನಿಸಿದಲ್ಲಿ ತಾಂತ್ರಿಕ ಅಧಿಕಾರಿಗಳ ಸಲಹೆ ಪಡೆದೇ ಬಳಸುವುದು.

ಅ) ಕೀಟನಾಶಕಗಳ ಅಧಿನಿಯಮ, 1968ರ ಅನ್ವಯ ಪರವಾನಗಿ ಹೊಂದಿದ ಮಾರಾಟಗಾರರಿಂದ ಮಾತ್ರ ಖರೀದಿಸಿ ರಸೀದಿ ಪಡೆಯುವುದು. ಚಿಲ್ಲರೆಯಾಗಿ ಬೇರೆ ಬಾಟಲಿಗೆ ಸುರಿದುಕೊಟ್ಟ ಔಷಧಿಯನ್ನು ಕೊಳ್ಳಬಾರದು.

ಆ) ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡುವುದು. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ ವಿಷಕಾರಿ ಎಂದರ್ಥ. ಹಸಿರು ತ್ರಿಕೋನವಿದ್ದರೂ ಅದು ವಿಷವೇ.

ಇ) ಮಾನೊಕ್ರೊಟೊಫಾಸ್ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರವು 2005ರಲ್ಲಿಯೇ ನಿಷೇಧಿಸಿದೆ. ಮನೆಯ ಅಟ್ಟದಲ್ಲಿ ಉಳಿದಿರುವ ಹಳೆಯ ಬಾಟಲಿಯನ್ನು ಯಾವುದೇ ಕಾರಣಕ್ಕೂ ಕೈತೋಟಕ್ಕೆ ಬಳಸತಕ್ಕದ್ದಲ್ಲ.

ಈ) ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಕರಪತ್ರದಲ್ಲಿ ನಮೂದಿಸಿರುತ್ತಾರೆ. ಅದನ್ನು ಚಾಚೂ ತಪ್ಪದೆ ಪಾಲಿಸುವುದು. ದಿನಬಿಟ್ಟು ದಿನ ಕಾಯಿ ಕೀಳುವ ಬೆಂಡೆ, ಸೌತೆ, ಅವರೆ ಗಿಡಗಳಲ್ಲಿ ಈ ಅವಧಿಯನ್ನು ಪಾಲಿಸುವುದು ಕಷ್ಟವಾದುದರಿಂದ ಅವುಗಳಿಗೆ ಇಂತಹ ಔಷಧಿ ಬಳಸದಿರುವುದೇ ಕ್ಷೇಮ.

ಉ) ಅಡುಗೆಯ ಲೋಟ, ಚಮಚಗಳಿಂದ ಅಳೆಯಬಾರದು. ಆಕಸ್ಮಿಕವಾಗಿ ವಿಷ ದೇಹ ಸೇರಿದಲ್ಲಿ ಡಬ್ಬಿ ಹಾಗೂ ಕರಪತ್ರದೊಂದಿಗೆ ಕೂಡಲೇ ಆಸ್ಪತ್ರೆಗೆ ತೆರಳುವುದು.

10. ಸಲಹೆಗಾಗಿ ಮಾದರಿ ತರುವ ವಿಧಾನ

ಸ್ವತಃ ಗುರುತಿಸಲು ಸಾಧ್ಯವಾಗದಿದ್ದಲ್ಲಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿ, ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. 2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551 ಮೂಲಕವೂ ಕನ್ನಡದಲ್ಲಿ ಸಲಹೆ ಪಡೆಯಬಹುದು.

ಮಾದರಿಯಾಗಿ ಹೇನಿರುವ ಕುಡಿಯನ್ನು ನಾಲ್ಕು ಬೆರಳುದ್ದ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಅದೇ ದಿನ ತರುವುದು. ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಕುಡಿ ಬೆಂದು ಗುರುತು ಸಿಗುವುದಿಲ್ಲ. ಬಾಳೆಯ ಕಂದು ಅಥವಾ ನಂಜುರೋಗದ ಗಿಡವನ್ನು ತರಬಾರದು. ಅದರ ಭಾವಚಿತ್ರ ಸಾಕು. ಜೊತೆಗೆ ಒಂದು ಚೀಟಿಯಲ್ಲಿ ಗಿಡದ ಹೆಸರು, ಬಾಧೆ ಕಂಡ ದಿನಾಂಕ, ಅಕ್ಕಪಕ್ಕದ ಗಿಡಗಳು, ಈಗಾಗಲೇ ಸಿಂಪಡಿಸಿದ ಔಷಧಿಯ ಹೆಸರು ಹಾಗೂ ದಿನಾಂಕವನ್ನು ಬರೆದು ತಂದರೆ ಒಂದೇ ಭೇಟಿಯಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೇನು ಬಿದ್ದ ಅವರೆಕಾಯಿ, ಕೋಸನ್ನು ತಿನ್ನಬಹುದೇ?
ಉತ್ತರ: ತಿನ್ನಬಹುದು. ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಬೇಯಿಸುವುದು. ಹೇನಿನಿಂದ ಮನುಷ್ಯರಿಗೆ ವಿಷವಿಲ್ಲ.

ಪ್ರಶ್ನೆ: ಎಲೆಯ ಮೇಲಿನ ಕಪ್ಪು ಬೂಷ್ಟಿಗೆ ಶಿಲೀಂಧ್ರನಾಶಕ ಬೇಕೇ?
ಉತ್ತರ: ಬೇಡ. ಹೇನು ಹೋದರೆ ಅಂಟು ನಿಲ್ಲುತ್ತದೆ, ಅಂಟು ನಿಂತರೆ ಬೂಷ್ಟು ಒಣಗಿ ಉದುರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೂ ಆಗುತ್ತದೆ.

ಪ್ರಶ್ನೆ: ಗುಲಾಬಿಯ ಹೇನು ಅವರೆಗೆ ಹರಡುವುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಅನೇಕ ಹೇನುಗಳಿಗೆ ಅವುಗಳದ್ದೇ ಆದ ಗಿಡಗಳಿವೆ. ಆದರೆ ಹತ್ತಿ ಹೇನು, ಮೈಜಸ್ ಪರ್ಸಿಕೇ ಮುಂತಾದವು ಹಲವು ಗಿಡಗಳಿಗೆ ಹರಡುತ್ತವೆ. ಯಾವ ಹೇನು ಎಂಬುದನ್ನು ಗುರುತಿಸಬೇಕಾದುದು ಈ ಕಾರಣಕ್ಕಾಗಿಯೇ.

ಪ್ರಶ್ನೆ: ಗುಲಗಂಜಿ ಹುಳು ಕಂಡಿದೆ, ಹೇನೂ ಇದೆ. ಏನು ಮಾಡಬೇಕು?
ಉತ್ತರ: ಒಂದು ವಾರ ಯಾವುದೇ ಸಿಂಪಡಣೆ ಮಾಡದೆ ಕಾಯುವುದು. ಹೇನು ಕಡಿಮೆಯಾಗುತ್ತಿದ್ದರೆ ಗಿಡವನ್ನು ಹಾಗೆಯೇ ಬಿಡುವುದು. ಹೆಚ್ಚಾಗುತ್ತಿದ್ದರೆ ನೀರು ಹಾಯಿಸುವ ಕ್ರಮದಿಂದ ಆರಂಭಿಸುವುದು.

12. ವಿನಂತಿ

ಹೇನು ಕಂಡ ಕೂಡಲೇ ಔಷಧಿಯ ಅಂಗಡಿಗೆ ಹೋಗದೆ, ಮೊದಲು ಎಲೆಯನ್ನು ಮಗುಚಿ ನೋಡಿ, ಕೀಟ ಯಾವುದು, ಅದರ ಜೊತೆಯಲ್ಲಿ ಮಿತ್ರ ಕೀಟ ಇದೆಯೇ, ಗಿಡಕ್ಕೆ ನಿಜವಾಗಿ ಹಾನಿಯಾಗಿದೆಯೇ ಎಂಬ ಮೂರು ಅಂಶಗಳನ್ನು ಖಚಿತಪಡಿಸಿಕೊಂಡ ನಂತರವೇ ಮುಂದಿನ ಕ್ರಮ ಕೈಗೊಳ್ಳಬೇಕೆಂದು ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ. ಇದರಿಂದ ಖರ್ಚು ಉಳಿಯುತ್ತದೆ, ಮನೆಯವರ ಆರೋಗ್ಯವೂ ಉಳಿಯುತ್ತದೆ.